ಅಣಕು ಮಂಡಳಿಯ ಮುಂದೆ ಬಾವಲಿ ಮತ್ತು ಕಪ್ಪೆಚಿಪ್ಪು

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ನಾನು ಅಧ್ಯಕ್ಷನಾಗುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಪದವಿ ಹೋಗುತ್ತದೆ, ಏಕೆಂದರೆ ಊಟಕ್ಕೆ ಮೇಜು ಬೇಕು. ದೆಹಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇರುವುದೇ ಒಂದು ಮೇಜು. ಅದನ್ನು ಗೋಡೆಯ ಬದಿಯಿಂದ ಎಳೆದು ನಡುಮನೆಗೆ ಅಡ್ಡಲಾಗಿ ಹಾಕಿ, ಹಿಂದೆ ನಾನು ಕೂತು, ಮುಂದೆ ಒಂದು ಒಂಟಿ ಕುರ್ಚಿ ಇಟ್ಟರೆ ಸಂದರ್ಶನ ಮಂಡಳಿ ಸಿದ್ಧ. ಮೇಜಿನ ಮೇಲೆ ಕಾಣುವಷ್ಟು ಭಾಗಕ್ಕೆ ಕೋಟು, ಟೈ. ಕಾಣದ ಭಾಗಕ್ಕೆ ಪಂಚೆ. ನೋಯ್ಡಾದಲ್ಲಿ ಕೆಲಸ ಮಾಡುವ ನನ್ನ ಮಗಳು ಇದನ್ನು ‘ಪಪ್ಪಾ ಕಾ ದರ್ಬಾರ್’ ಎನ್ನುತ್ತಾಳೆ. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಅಪ್ಪನನ್ನು ಹಾಸ್ಯ ಮಾಡುವಾಗ ಮಾತ್ರ ಹಿಂದಿ ಬೇಕು.

ವಿಷಯ ಇಷ್ಟೇ. ಓಲ್ಡ್ ರಾಜಿಂದರ್ ನಗರದ ಕೋಣೆಗಳಲ್ಲಿ ಕೂತು ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರು ಬರವಣಿಗೆಯ ಪರೀಕ್ಷೆ ದಾಟಿದರೆಂದರೆ, ನಿಜವಾದ ಸಂದರ್ಶನಕ್ಕೆ ಮೊದಲು ನಾಲ್ಕಾರು ಅಣಕು ಸಂದರ್ಶನಗಳನ್ನು ಕೊಟ್ಟು ಅಭ್ಯಾಸ ಮಾಡಿಕೊಳ್ಳುತ್ತಾರೆ. ದೊಡ್ಡ ಕೋಚಿಂಗ್ ಕೇಂದ್ರಗಳಲ್ಲಿ ನಿವೃತ್ತ ಘಟಾನುಘಟಿಗಳು ಕೂರುತ್ತಾರೆ. ಅವರ ಮುಂದೆ ಹೋಗಿ ನಡುಗುವ ಮೊದಲು ನನ್ನ ಮುಂದೆ ಬಂದು ಸ್ವಲ್ಪ ನಡುಗಿ ಹೋಗುತ್ತಾರೆ. ನಾನು ಆ ಪರೀಕ್ಷೆ ಪಾಸಾದವನಲ್ಲ; ಬರೆದವನೂ ಅಲ್ಲ. ಸಚಿವಾಲಯದ ಕೆಳಗಿನ ಮೆಟ್ಟಿಲಲ್ಲಿ ಸೇರಿ, ಬಡ್ತಿಯ ಮೇಲೆ ಬಡ್ತಿ ಬಂದು, ಈಗ ಬಾಗಿಲ ಮೇಲೆ ಹೆಸರಿರುವ ಕೋಣೆಯಲ್ಲಿ ಕೂರುತ್ತೇನೆ. ಈಜು ಬಾರದವನು ದಡದಲ್ಲಿ ನಿಂತು ಕೈಕಾಲು ಹೇಗೆ ಆಡಿಸಬೇಕೆಂದು ಹೇಳಿದ ಹಾಗೆ. ಆದರೂ ಅವರು ಬರುತ್ತಾರೆ. ನನ್ನ ಹೆಂಡತಿ ವಸುಧಾ ಮಾಡುವ ಒಗ್ಗರಣೆ ಅವಲಕ್ಕಿಗೆ ಬರುತ್ತಾರೆಂದು ನನಗೆ ಬಹಳ ದಿನದಿಂದ ಅನುಮಾನವಿದೆ.

ವಸುಧಾ ಮಂಡಳಿಯ ಇನ್ನೊಬ್ಬ ಸದಸ್ಯೆ. ಸೌಟು ಹಿಡಿದುಕೊಂಡೇ ಬಂದು ಒಂದು ಪ್ರಶ್ನೆ ಕೇಳಿ, ಉತ್ತರ ಪೂರ್ತಿಯಾಗುವುದರೊಳಗೆ ಕುಕ್ಕರ್ ಕೂಗಿತೆಂದು ಒಳಗೆ ಹೋಗುತ್ತಾಳೆ. ನಿಜವಾದ ಮಂಡಳಿಯಲ್ಲೂ ಒಬ್ಬರಾದರೂ ಹೀಗೆ ಉತ್ತರ ಕೇಳಿಸಿಕೊಳ್ಳದವರು ಇರುತ್ತಾರಂತೆ. ಆದ್ದರಿಂದ ಇದೂ ತರಬೇತಿಯ ಭಾಗ ಎಂದು ನಾನು ಸಮಾಧಾನ ಹೇಳುತ್ತೇನೆ.

ನಾನು ಕಲಿಸುವುದು ಒಂದೇ ಪಾಠ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ ಸರ್’ ಎನ್ನಿ. ನಾಚಿಕೆಯಿಲ್ಲದೆ, ಹೆಮ್ಮೆಯೂ ಇಲ್ಲದೆ, ಬಸ್ಸು ಹೋಯಿತಾ ಎಂದರೆ ಹೋಯಿತು ಅನ್ನುವ ಹಾಗೆ ಅನ್ನಿ. ಕೇಳಲು ಸುಲಭ. ಆದರೆ ವರ್ಷಗಟ್ಟಲೆ ಎಲ್ಲವನ್ನೂ ತಿಳಿದುಕೊಳ್ಳಲು ಹೊರಟ ಮಕ್ಕಳ ಬಾಯಲ್ಲಿ ಈ ಎರಡು ಮಾತು ಬರುವುದಿಲ್ಲ.

ನಸೀಮಾಳ ಬಾಯಲ್ಲಂತೂ ಬರುತ್ತಲೇ ಇರಲಿಲ್ಲ. ಹರಿಹರದ ಹುಡುಗಿ. ಪ್ರಾಣಿಶಾಸ್ತ್ರ ಓದಿದವಳು. ಇದು ಅವಳ ಕೊನೆಯ ಅವಕಾಶ. ಇದರಾಚೆಗೆ ನಿಯಮ ಬಿಡುವುದಿಲ್ಲ. ಸಂದರ್ಶನದ ತನಕ ಬಂದದ್ದು ಇದೇ ಮೊದಲು. ಹಾಗಾಗಿ ಒಂಟಿ ಕುರ್ಚಿಯ ತುದಿಯಲ್ಲಿ, ಯಾರೋ ಎಬ್ಬಿಸಿ ಕಳಿಸಿಬಿಡುತ್ತಾರೇನೋ ಎಂಬಂತೆ ಕೂತಿದ್ದಳು. ಪ್ರಶ್ನೆ ಗೊತ್ತಿದ್ದರೆ ಉತ್ತರ, ಗೊತ್ತಿಲ್ಲದಿದ್ದರೆ ಅದರ ಪಕ್ಕದ ಮನೆಯ ಉತ್ತರ. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ.

ಅವಳ ಅರ್ಜಿಯಲ್ಲಿ ಹವ್ಯಾಸ ಎಂಬಲ್ಲಿ ‘ಬಾವಲಿ ವೀಕ್ಷಣೆ’ ಎಂದಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಲೋಕದಲ್ಲಿ ಮನುಷ್ಯರಿಗೆ ಮೊದಲು ಹವ್ಯಾಸ ಇರುತ್ತದೆ, ಆಮೇಲೆ ಅದನ್ನು ಎಲ್ಲಾದರೂ ಬರೆಯುತ್ತಾರೆ. ರಾಜಿಂದರ್ ನಗರದಲ್ಲಿ ಮೊದಲು ಬರೆಯುತ್ತಾರೆ, ಆಮೇಲೆ ಹವ್ಯಾಸ ಮಾಡಿಕೊಳ್ಳುತ್ತಾರೆ. ಪುಸ್ತಕ ಓದುವುದು ಎಂದು ಬರೆದರೆ ಯಾವ ಪುಸ್ತಕ ಎಂದು ಕೇಳಿ ಸಿಕ್ಕಿಸುತ್ತಾರೆ, ಕ್ರಿಕೆಟ್ ಎಂದರೆ ಮಂಡಳಿಯವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ, ಆದ್ದರಿಂದ ಯಾರಿಗೂ ಗೊತ್ತಿಲ್ಲದ್ದನ್ನು ಬರೆಯಬೇಕು ಎಂಬುದು ಅಲ್ಲಿನ ಹಿರಿಯರ ಉಪದೇಶ. ನನ್ನ ಮುಂದೆ ಕೊಳಲು ಬಾರದ ಕೊಳಲುವಾದಕ ಬಂದಿದ್ದಾನೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾಗದ ಯೋಗಪಟು ಬಂದಿದ್ದಾನೆ. ನಸೀಮಾಳಿಗೆ ಕೋಣೆಯ ಗೆಳತಿ ಸೂಚಿಸಿದ್ದು ಬಾವಲಿ. ಜನಪಥದ ಹತ್ತಿರದ ಮರಗಳಲ್ಲಿ ಬಾವಲಿಗಳು ಇವೆ, ಪ್ರಾಣಿಶಾಸ್ತ್ರಕ್ಕೂ ಹೊಂದುತ್ತದೆ, ಬರಿ ಎಂದಳಂತೆ. ಬರೆದಳು. ಅಲ್ಲಿಯವರೆಗೆ ಅವಳು ಬಾವಲಿಯನ್ನು ಬಯಸಿ ನೋಡಿದವಳಲ್ಲ. ಅರ್ಜಿ ಹೋದ ಮೇಲೆ ತಿದ್ದುವ ಹಾಗಿಲ್ಲ. ಕೊನೆಯ ಅವಕಾಶದ ಕತ್ತಿನಲ್ಲಿ ಬಾವಲಿ ನೇತುಬಿತ್ತು.

ಮೊದಲ ಭಾನುವಾರ ನಾನು ಗಂಟಲು ಸರಿಮಾಡಿಕೊಂಡು, “ಬಾವಲಿಯ ಬಗ್ಗೆ ಹೇಳಿ” ಎಂದೆ. ಕೋಟು ಹಾಕಿಕೊಂಡರೆ ಎಲ್ಲರೂ ನನಗೆ ‘ನೀವು’. ಕೋಟು ಕಳಚಿದ ಮೇಲೆ ‘ನೀನು’. ನಸೀಮಾ ಶುರು ಮಾಡಿದಳು. ಹಾರಬಲ್ಲ ಏಕೈಕ ಸಸ್ತನಿ, ಇಲ್ಲಿಯದು ಹಣ್ಣು ತಿನ್ನುವ ದೊಡ್ಡ ಜಾತಿ, ಸಣ್ಣ ಬಾವಲಿಗಳ ಹಾಗೆ ಪ್ರತಿಧ್ವನಿ ಕೇಳಿ ಹಾರುವುದಿಲ್ಲ, ಕಣ್ಣಿನಿಂದ ನೋಡಿಯೇ ಹಾರುತ್ತದೆ, ಬೀಜ ಹರಡುತ್ತದೆ. ಎಲ್ಲವೂ ಸರಿ. ಆದರೆ ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಬರುವ ಪ್ರಕಟಣೆಯಂತೆ ಇತ್ತು. ಅದನ್ನು ಹೇಗಾದರೂ ನಿಲ್ಲಿಸಬೇಕಿತ್ತು. ಮೇಜಿನ ಮೇಲೆ ನಾನು ಗುಂಡುಪಿನ್ನು ಹಾಕಿಡುವ ಒಂದು ಕಪ್ಪೆಚಿಪ್ಪು ಇದೆ. ಒಮ್ಮೆ ಯಮುನೆಯ ಪ್ರವಾಹ ಇಳಿದ ಮೇಲೆ ನೋಯ್ಡಾ ಕಡೆಯ ದಂಡೆಯಲ್ಲಿ ಸಿಕ್ಕಿದ್ದು. ಒಳಗಿನ ನಿವಾಸಿ ಯಾವಾಗಲೋ ಕ್ವಾರ್ಟರ್ಸ್ ಖಾಲಿ ಮಾಡಿ ಹೋಗಿತ್ತು. ಅದರ ಮೇಲೆ ಕಣ್ಣು ಬಿತ್ತು. “ಸರಿ, ಬಾವಲಿಗೂ ಇದಕ್ಕೂ ಏನು ಹೋಲಿಕೆ?” ಎಂದುಬಿಟ್ಟೆ.

ಕೇಳಿದ ಮೇಲೆ ನನಗೇ ಗಾಬರಿಯಾಯಿತು. ಹೋಲಿಕೆ ಎಂಬುದು ನನ್ನ ಉದ್ಯೋಗ. ನಮ್ಮ ಕಚೇರಿಯಲ್ಲಿ ಒಂದು ಕಾಲೊರಸು ಕೊಳ್ಳಬೇಕಾದರೂ ಮೂರು ಅಂಗಡಿಗಳ ದರ ತರಿಸಿ, ಅಕ್ಕಪಕ್ಕ ಇಟ್ಟು, ತುಲನಾ ಪಟ್ಟಿ ಮಾಡಬೇಕು. ಆದರೆ ಅಲ್ಲಿ ಮೂರೂ ಕಾಲೊರಸುಗಳೇ. ಹಳೆಯ ಅಲಂಕಾರಶಾಸ್ತ್ರಜ್ಞರೂ ಇದನ್ನೇ ಹೇಳಿದ್ದಾರೆ: ಉಪಮೆ ಎಂದರೆ ಎರಡಕ್ಕೂ ಒಂದು ಸಾಧಾರಣ ಧರ್ಮ ಇರಬೇಕು. ಮುಖಕ್ಕೂ ಚಂದ್ರನಿಗೂ ಕಾಂತಿ ಇದೆ. ಬಾವಲಿಗೂ ಚಿಪ್ಪಿಗೂ ಏನಿದೆ? ಕವಿಗಳು ಚಿಪ್ಪನ್ನಾದರೂ ಗಮನಿಸಿದರು. ಸ್ವಾತಿ ಮಳೆಯ ಹನಿ ಬಾಯಿಗೆ ಬಿದ್ದು ಮುತ್ತಾಗುವ ಕವಿಸಮಯ ಅದಕ್ಕೆ ದಕ್ಕಿತು. ಚಕೋರಕ್ಕೆ ಬೆಳದಿಂಗಳು, ಚಾತಕಕ್ಕೆ ಮಳೆಹನಿ, ಹಂಸಕ್ಕೆ ಹಾಲು ಹಂಚಿ ಮುಗಿಸಿದ ಕವಿಗಳು ಬಾವಲಿಗೆ ಏನೂ ಉಳಿಸಲಿಲ್ಲ. ಹಗಲು ಬಂದಿದ್ದರೆ ಏನಾದರೂ ಕೊಡುತ್ತಿದ್ದರೇನೋ.

ನಸೀಮಾ ಅಭ್ಯಾಸಬಲದಿಂದ ಬಾಯಿ ತೆರೆದಳು. “ಸರ್, ಬಾವಲಿ ಕಶೇರುಕ, ಇದು ಅಕಶೇರುಕ, ಬಾವಲಿ…” ಎಂದು ಅಲ್ಲೇ ನಿಂತಳು. ಕೈ ಚಾಚಿ ಚಿಪ್ಪನ್ನು ಎತ್ತಿಕೊಂಡಳು. ನನ್ನ ಗುಂಡುಪಿನ್ನುಗಳನ್ನು ಮೇಜಿನ ಮೇಲೆ ಸುರಿದಳು. ಸಂದರ್ಶನದಲ್ಲಿ ಅಧ್ಯಕ್ಷರ ಮೇಜನ್ನು ಮುಟ್ಟಬಾರದು. ಉರುಳಿಹೋಗುತ್ತಿದ್ದ ಒಂದು ಪಿನ್ನನ್ನು ನಾನು ಬೆರಳಿಂದ ತಡೆದೆ.

“ಇದು ಯಮುನೆದಾ ಸರ್? ನಮ್ಮ ಹೊಳೆಯಲ್ಲೂ ಇದೆ” ಎಂದಳು. ಆಮೇಲೆ ಮಾತಾಡಿದ ಹುಡುಗಿ ಬೇರೆ. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ತುಂಗಭದ್ರೆಯ ಮೊಣಕಾಲುದ್ದ ನೀರಿನಲ್ಲಿ ಬರಿಗಾಲಲ್ಲಿ ನಡೆದು, ಕೆಸರಲ್ಲಿ ಅರ್ಧ ಹೂತುಕೊಂಡಿರುವ ಚಿಪ್ಪುಗಳನ್ನು ಕಾಲ್ಬೆರಳಲ್ಲೇ ಹುಡುಕುತ್ತಿದ್ದಳಂತೆ. ಅಜ್ಜಿ ಖಾಲಿ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡಿ ಎಲೆಯಡಿಕೆ ಅಂಗಡಿಗಳಿಗೆ ಕೊಡುತ್ತಿದ್ದಳು. ಜೀವ ಇರುವುದನ್ನು ವಾಪಸ್ಸು ಕೆಸರಲ್ಲೇ ಊರುತ್ತಿದ್ದಳು. ನೆರಳು ಬಿದ್ದರೆ ಸಾಕು, ಚಿಪ್ಪು ಬಾಗಿಲು ಹಾಕಿಕೊಳ್ಳುತ್ತದೆ. ಕೂತಲ್ಲೇ ಕೂತು ನೀರು ಎಳೆದು, ಸೋಸಿ, ಬಿಡುತ್ತದೆ. ಮರಿಗಳು ಮಾತ್ರ ಕೂತಲ್ಲಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ತಾಯಿ ನೀರಿಗೆ ಬಿಡುತ್ತದೆ. ಹಾದುಹೋಗುವ ಮೀನಿನ ಕಿವಿರನ್ನೋ ಈಜುರೆಕ್ಕೆಯನ್ನೋ ಕಚ್ಚಿ ಹಿಡಿದುಕೊಂಡರೆ ಬದುಕು, ಇಲ್ಲದಿದ್ದರೆ ಇಲ್ಲ. ಕೆಲವು ವಾರ ಮೀನಿನ ಜೊತೆ ತಿರುಗಿ, ಎಲ್ಲೋ ಗೊತ್ತಿಲ್ಲದ ಜಾಗದಲ್ಲಿ ಕಳಚಿಕೊಂಡು ಕೆಸರಿಗೆ ಇಳಿಯುತ್ತವೆ.

“ಬಾವಲಿ ಹಾಗಲ್ಲ ಸರ್, ಮರಿಯನ್ನ ಎದೆಗೆ ಕಚ್ಚಿಸಿಕೊಂಡೇ ಹಾರುತ್ತೆ. ಇದು ಬೇರೆಯವರ ಕೈಗೆ ಕೊಟ್ಟು ಕಳಿಸುತ್ತೆ” ಎಂದವಳು ತಟ್ಟನೆ ಎಚ್ಚೆತ್ತು, ಪಿನ್ನುಗಳನ್ನು ಒಂದೊಂದಾಗಿ ಆರಿಸಿ ಚಿಪ್ಪಿಗೆ ಹಾಕತೊಡಗಿದಳು. “ಸಾರಿ ಸರ್. ಸುಣ್ಣದ ವಿಷಯ ಎಲ್ಲ ಅಲ್ಲಿ ಹೇಳಬಾರದು ಅಲ್ವಾ?”

ವಸುಧಾ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕುಕ್ಕರ್ ಎಷ್ಟು ಸಲ ಕೂಗಿತೋ, ಅಂದು ಅನ್ನ ಮುದ್ದೆಯಾಗಿತ್ತು.

ಊಟದ ಹೊತ್ತಿಗೆ ಮಂಡಳಿಯಲ್ಲಿ ಭಿನ್ನಾಭಿಪ್ರಾಯ. ಬರೆದದ್ದು ಬಾವಲಿ, ಬಾವಲಿಯನ್ನೇ ಹಿಡಿದುಕೊಳ್ಳಬೇಕು, ಕಾಗದದಲ್ಲಿ ಇರುವುದೇ ಸತ್ಯ ಎಂದು ನಾನು. ಇಷ್ಟು ವರ್ಷ ಫೈಲು ಹಿಡಿದವನಿಗೆ ಬೇರೆ ಮಾತು ಬರುವುದಿಲ್ಲ. ವಸುಧಾ, “ಏನ್ರೀ ನೀವು, ಆ ಮಗು ಮುಖ ನೋಡಿದ್ರಾ ಚಿಪ್ಪು ಹಿಡಿದಾಗ? ನಸೀಮಾ, ಕೇಳಿದ್ರೆ ನಿಜ ಹೇಳಿಬಿಡು. ಬರೆದಾಗ ಗೊತ್ತಿರಲಿಲ್ಲ, ಈಗ ನೋಡ್ತಾ ಇದ್ದೀನಿ ಅಂತ” ಎಂದಳು. ನಸೀಮಾ ಇಬ್ಬರ ಮುಖವನ್ನೂ ನೋಡಿ, ಇನ್ನೊಂದು ಹಪ್ಪಳ ತೆಗೆದುಕೊಂಡಳು.

ನಿಜ ಹೇಳುವುದಾದರೂ ಅದು ನಿಜವಾಗಬೇಕಲ್ಲ. ಹಾಗಾಗಿ ಸಂಜೆ ಹೊತ್ತು ಬಾವಲಿ ನೋಡಲು ಹೋಗುವುದು ಶುರುವಾಯಿತು. ಕಚೇರಿ ಮುಗಿಸಿ ನಾನೂ ಕೆಲವು ಸಲ ಸೇರಿಕೊಂಡೆ. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ತಲೆ ಎತ್ತಿ ನೋಡಿರಲಿಲ್ಲ. ದೊಡ್ಡ ಅರ್ಜುನ ಮರಗಳಲ್ಲಿ, ಯಾರೋ ಮಡಿಚಿದ ಕಪ್ಪು ಛತ್ರಿಗಳನ್ನು ನೇತುಹಾಕಿ ಮರೆತುಹೋದಂತೆ ಬಾವಲಿಗಳು. ಮೊದಲ ದಿನವೇ ನನ್ನ ಅಂಗಿಯ ಮೇಲೆ ಪ್ರಸಾದ ಬಿತ್ತು. ಆಮೇಲೆ ನಾವು ನಿಜವಾದ ಛತ್ರಿ ಹಿಡಿದು ನಿಲ್ಲುತ್ತಿದ್ದೆವು. ಮಳೆಯಿಲ್ಲದ ಸಂಜೆಯಲ್ಲಿ ಛತ್ರಿ ಬಿಚ್ಚಿ ಮೇಲೆ ನೋಡುವ ನಮ್ಮನ್ನು ಕಂಡು ಆಟೋ ಭಯ್ಯಾಗಳು ನಿಧಾನ ಮಾಡಿ, ತಾವೂ ಮೇಲೆ ನೋಡಿ, ಏನೂ ಅರ್ಥವಾಗದೆ ಹೋಗುತ್ತಿದ್ದರು.

ನೋಡುತ್ತ ನೋಡುತ್ತ ನನಗೆ ಆ ಮರ ರಾಜಿಂದರ್ ನಗರದಂತೆ ಕಂಡಿತು. ಅದೇ ಇಕ್ಕಟ್ಟು, ಒಂದೊಂದು ಗೇಣು ಕೊಂಬೆಗೂ ಅದೇ ಜಗಳ. ಹಗಲೆಲ್ಲ ತೂಕಡಿಕೆ. ಬಿಸಿಲು ಹೆಚ್ಚಾದರೆ ರೆಕ್ಕೆಯಲ್ಲೇ ಗಾಳಿ ಬೀಸಿಕೊಳ್ಳಬೇಕು. ಅಲ್ಲಿನ ಕೋಣೆಗಳಲ್ಲೂ ಕೂಲರ್ ಕೆಟ್ಟರೆ ಪ್ರಶ್ನೆಪತ್ರಿಕೆಯೇ ಬೀಸಣಿಗೆ. ಮುಸ್ಸಂಜೆಯಾದರೆ ಒಂದೊಂದಾಗಿ ಕೊಂಬೆ ಬಿಟ್ಟು, ಎಲ್ಲವೂ ಒಂದೇ ದಿಕ್ಕಿಗೆ, ಎಲ್ಲಿದೆಯೋ ಆ ಹಣ್ಣು ಎಂದು ಹೊರಡುತ್ತವೆ. ಹಾಗಾದರೆ ಕಪ್ಪೆಚಿಪ್ಪು ಯಾರು? ಇದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಒಂದೇ ಕೆಸರಿನಲ್ಲಿ ಅರ್ಧ ಹೂತು, ಹರಿದು ಬರುವ ಫೈಲುಗಳನ್ನೆಲ್ಲ ಒಳಗೆ ಎಳೆದು, ಸೋಸಿ, ಹೊರಗೆ ಬಿಟ್ಟು, ಯಾವುದಾದರೂ ನೆರಳು ಬಿದ್ದರೆ ಪಟಕ್ಕನೆ ಬಾಗಿಲು ಹಾಕಿಕೊಳ್ಳುವ ಪ್ರಾಣಿಯನ್ನು ನಾನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ. ಮುತ್ತು ಬೆಳೆದಿಲ್ಲ. ಆ ಕವಿಸಮಯದ ಮಳೆ ನಮ್ಮ ಸಚಿವಾಲಯದ ಮೇಲೆ ಬಿದ್ದದ್ದು ಕಾಣೆ. ನೀರು ಸ್ವಲ್ಪ ತಿಳಿಯಾಗಿರಬಹುದು ಎಂದುಕೊಂಡಿದ್ದೇನೆ, ಆದರೆ ಯಮುನೆಯನ್ನು ನೋಡಿದರೆ ಆ ಧೈರ್ಯವೂ ಸಾಲದು.

ಮಾರ್ಚ್ ತಿಂಗಳಲ್ಲಿ ಒಂದು ದಿನ ನಸೀಮಾ ಒಂದು ಬಾವಲಿಯನ್ನು ತೋರಿಸಿದಳು. ಅದರ ಎದೆಯ ಹತ್ತಿರ ಇನ್ನೊಂದು ಪುಟ್ಟ ತಲೆ. ಬೆಳಕಿರುವಷ್ಟು ಹೊತ್ತೂ ಅವಳು ಅದನ್ನೇ ನೋಡುತ್ತಿದ್ದಳು. “ಇಷ್ಟು ಭಾರ ಹೊತ್ತುಕೊಂಡು ಹೇಗೆ ಹಾರುತ್ತೆ ಸರ್?” ಎಂದು ಕೇಳಿದಳು. ಪುಸ್ತಕದಲ್ಲಿ ಓದಿ ನನಗೆ ಹೇಳಿದವಳೇ ಅವಳು. ಅವಳ ಅಮ್ಮ ಹರಿಹರದಲ್ಲಿ ಹೊಲಿಗೆ ಮಾಡುತ್ತಾರೆ ಎಂದು ಅವತ್ತು ವಾಪಸ್ಸು ಮೆಟ್ರೋಗೆ ನಡೆಯುವಾಗ ಹೇಳಿದಳು. ದೆಹಲಿ ರೈಲು ಹತ್ತಿಸುವಾಗ ಎದುರು ಸೀಟಿನ ಗುರುತಿಲ್ಲದ ಹೆಂಗಸಿಗೆ ‘ನಮ್ಮ ಹುಡುಗಿ, ಸ್ವಲ್ಪ ನೋಡಿಕೊಳ್ಳಿ’ ಎಂದು ಒಪ್ಪಿಸಿ ಇಳಿದುಹೋದರಂತೆ.

ಸಂದರ್ಶನದ ದಿನ ಬಂತು, ಹೋಯಿತು. ಅಂದು ಸಂಜೆ ನಮ್ಮ ಮನೆಗೇ ಬಂದಳು. ನಾನು ಕೋಟಿಲ್ಲದೆ ಕೂತಿದ್ದೆ. ಹವ್ಯಾಸದ ಬಗ್ಗೆ ಕೇಳಿದರಾ ಎಂದೆ. ಕೇಳಿದರಂತೆ. ಎಷ್ಟು ವರ್ಷದಿಂದ ನೋಡುತ್ತಿದ್ದೀರಿ ಎಂದು ಒಬ್ಬರು ನಗುಮುಖದಿಂದಲೇ ಕೇಳಿದರು. ಇವಳು, ಅರ್ಜಿ ಬರೆದಾಗ ನೋಡುತ್ತಿರಲಿಲ್ಲ, ಬರೆದ ಮೇಲೆ ಶುರು ಮಾಡಿದೆ, ಈಗ ಇಷ್ಟವಾಗಿದೆ ಎಂದಳು. ಒಬ್ಬರು ನಕ್ಕರು. ಇನ್ನೊಬ್ಬರು ಏನನ್ನೋ ಗುರುತು ಹಾಕಿಕೊಂಡರು. ಆಮೇಲೆ ನದಿ ನೀರಿನ ಹಂಚಿಕೆಯ ಬಗ್ಗೆ ಪ್ರಶ್ನೆ. ನಿಜ ಹೇಳಿದ್ದು ಕೇಳಿ ವಸುಧಾಳ ಮುಖ ಅರಳಿತು. ನಾನು, ಆ ಇನ್ನೊಬ್ಬರು ಗುರುತು ಹಾಕಿಕೊಂಡದ್ದೇನು ಎಂದು ಬಹಳ ದಿನ ಯೋಚಿಸಿದೆ.

ಫಲಿತಾಂಶದ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ.

ನಾನು ಮೇಲಿಂದ ಕೆಳಗೆ ಹುಡುಕಿ, ಮಗಳು ನೋಯ್ಡಾದಿಂದ ಹುಡುಕಿ, ಕೊನೆಗೆ ವಸುಧಾ ಕನ್ನಡಕ ಹಾಕಿಕೊಂಡು ಹುಡುಕಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. “ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ರೀ” ಎಂದಳು. ನನ್ನ ಮಾತು ಕೇಳಿದ್ದರೆ ಪಟ್ಟಿಯಲ್ಲಿ ಇರುತ್ತಿದ್ದಳು ಎಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಇರುತ್ತಿರಲಿಲ್ಲ ಎಂದು ಹೇಳಲೂ ಇರಲಿಲ್ಲ. ದುಃಖವಾಯಿತು. ಸುಳ್ಳು ಮಂಡಳಿಯ ಅಧ್ಯಕ್ಷನಿಗೆ ನಿಜವಾದ ದುಃಖವಾಗುತ್ತದೆ ಎಂಬುದು ನನಗೆ ಹೊಸ ವಿಷಯ.

ಮುಂದಿನ ಭಾನುವಾರ ನಾವು ಮೇಜನ್ನು ಎಳೆಯಲಿಲ್ಲ. ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ನಸೀಮಾ ಬಂದಳು. ಮಾರನೆಯ ದಿನ ರೈಲು. ಊರಿನ ಹತ್ತಿರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳುವ ಕೆಲಸ ಇದೆಯಂತೆ, ಸೇರುತ್ತಾಳಂತೆ. ವಸುಧಾ ಅವಳ ಕೈ ಹಿಡಿದು, “ನಾನು ಹಾಗೆ ಹೇಳಬಾರದಿತ್ತು ಕಣೇ” ಎಂದಳು.

“ಬಿಡಿ ಆಂಟಿ. ಬೇರೆಯವರು ಹೇಳಿಕೊಟ್ಟ ಉತ್ತರ ಬರೆದು ಎಷ್ಟೋ ಸಲ ಫೇಲ್ ಆಗಿದ್ದೆ. ಈ ಸಲ ನನ್ನದೇ ಹೇಳಿದೆ” ಎಂದ ನಸೀಮಾ ನನ್ನ ಕಡೆ ತಿರುಗಿ, “ಸರ್, ಬಾವಲಿ ನೋಡೋಕೆ ಹೋಗೋಣ್ವಾ?” ಎಂದು ಕೇಳಿದಳು.

“ಇನ್ನು ಯಾಕಮ್ಮ?” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ವಸುಧಾ ನನ್ನನ್ನು ನೋಡಿದ ನೋಟಕ್ಕೆ ಯಾವ ಚಿಪ್ಪಾದರೂ ಬಾಗಿಲು ಹಾಕಿಕೊಳ್ಳಬೇಕಿತ್ತು.

“ಇಷ್ಟು ದಿನ ಪ್ರಶ್ನೆಗೋಸ್ಕರ ನೋಡ್ತಿದ್ದೆ ಸರ್. ಒಂದ್ಸಲ ಸುಮ್ನೆ ನೋಡಬೇಕು.”

ಚಲೋ ಎಂದು ಮೂವರೂ ಹೊರಟೆವು. ಛತ್ರಿ ಒಂದೇ ಇತ್ತು. ಅದನ್ನು ವಸುಧಾ ಹಿಡಿದಳು. ದೆಹಲಿಯ ಬೇಸಿಗೆಯ ಧೂಳಿನ ಹಿಂದೆ ಸೂರ್ಯ ಇಳಿಯುತ್ತಿದ್ದ. ಮರದಲ್ಲಿ ಗಲಾಟೆ ಶುರುವಾಗಿತ್ತು. ಒಂದು ಬಾವಲಿ ಕೊಂಬೆ ಬಿಟ್ಟಿತು, ಆಮೇಲೆ ಇನ್ನೊಂದು, ಆಮೇಲೆ ಲೆಕ್ಕ ತಪ್ಪಿತು. ಬಿಚ್ಚಿದ ರೆಕ್ಕೆಗಳ ತೆಳು ಚರ್ಮದಲ್ಲಿ ಕೆಂಪು ಬೆಳಕು ಹಾದುಬರುತ್ತಿತ್ತು. ನಸೀಮಾ ಅಳುತ್ತಿದ್ದಳು. ಮುಚ್ಚಿಡಲಿಲ್ಲ, ಒರೆಸಿಕೊಳ್ಳಲೂ ಇಲ್ಲ, ಮೇಲೆ ನೋಡುತ್ತಲೇ ಇದ್ದಳು. ವಸುಧಾ ಅವಳ ಹೆಗಲ ಮೇಲೆ ಕೈಯಿಟ್ಟಳು. ನನಗೆ ಏನು ಮಾಡಬೇಕೆಂದು ತಿಳಿಯದೆ ಕಿಸೆಗೆ ಕೈ ಹಾಕಿದೆ. ಹೊರಡುವಾಗ ಹಾಕಿಕೊಂಡಿದ್ದ ಕಪ್ಪೆಚಿಪ್ಪು ಸಿಕ್ಕಿತು. ಅದನ್ನು ಅವಳ ಅಂಗೈಯಲ್ಲಿ ಇಟ್ಟೆ. ಬೆರಳುಗಳು ಮಡಿಚಿಕೊಂಡವು.

ಬಹಳ ಹೊತ್ತಿನ ಮೇಲೆ, ಅವಳ ಅಳು ನಿಂತಿದೆ ಎಂದು ಖಾತ್ರಿ ಮಾಡಿಕೊಂಡು, ಇಲ್ಲದ ಕೋಟನ್ನು ಸರಿಮಾಡಿಕೊಂಡು, ಅಧ್ಯಕ್ಷರ ಧ್ವನಿಯಲ್ಲಿ ಕೇಳಿದೆ: “ಕೊನೆಯ ಪ್ರಶ್ನೆ. ಬಾವಲಿಗೂ ನಿಮ್ಮ ಕೈಯಲ್ಲಿರುವುದಕ್ಕೂ ಏನು ಹೋಲಿಕೆ?”

ಅವಳು ನನ್ನ ಕಡೆ ತಿರುಗಲೂ ಇಲ್ಲ. ಮರಿಯನ್ನು ಎದೆಗೆ ಕಚ್ಚಿಸಿಕೊಂಡ ಒಂದು ತಾಯಿ ಆಗಷ್ಟೇ ಕೊಂಬೆ ಬಿಟ್ಟು, ಒಂದಿಷ್ಟು ಕೆಳಗೆ ಕುಸಿದು, ಸಾವರಿಸಿಕೊಂಡು ಮೇಲೇರುತ್ತಿತ್ತು.

“ಗೊತ್ತಿಲ್ಲ ಸರ್” ಎಂದಳು ನಸೀಮಾ, ಮೇಲೆ ನೋಡುತ್ತ, ನಗುತ್ತ.

ನಾನು ಛತ್ರಿಯ ಹೊರಗೆ ನಿಂತಿದ್ದೆ. ವಸುಧಾ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡಳು.